ಗೇರಿಲ್ಲದ ಕಾರಿನ ಗೇರ್ ರಿಪೇರಿ

ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ದಣಿದಿದ್ದರೆ ಅದು ಬೆಳಗಿನ ತಂಪಿನಲ್ಲಿ ಮೊದಲು ಗೊತ್ತಾಗುತ್ತದೆ. ಇಂಜಿನ್ ಸ್ಟಾರ್ಟ್ ಆಗಿರುತ್ತದೆ, ಲಿವರ್ ಡಿಯಲ್ಲಿರುತ್ತದೆ, ಬ್ರೇಕಿನಿಂದ ಕಾಲೂ ತೆಗೆದಾಗಿರುತ್ತದೆ. ಕಾರು ಮಾತ್ರ ಯೋಚನೆ ಮಾಡುತ್ತ ನಿಂತಿರುತ್ತದೆ. ಎರಡು ಮೂರು ಸೆಕೆಂಡಾದ ಮೇಲೆ ಧಡಕ್ಕನೆ ಹೊರಡುತ್ತದೆ. ಎರಡರಿಂದ ಮೂರನೇ ಗೇರಿಗೆ ಏರುವಾಗ ಇನ್ನೊಂದು ಒದೆತ. ಆಕ್ಸಿಲರೇಟರ್ ತುಳಿದರೆ ಇಂಜಿನ್ ಕೂಗಿಕೊಳ್ಳುತ್ತದೆ, ವೇಗ ಏರುವುದಿಲ್ಲ. ಗ್ಯಾರೇಜಿನವರು ಇದನ್ನು ಸ್ಲಿಪ್ ಎನ್ನುತ್ತಾರೆ. ಕೊನೆಗೊಂದು ದಿನ ಗೇರ್‌ಬಾಕ್ಸಿನ ಕಂಪ್ಯೂಟರು ತಾನೇ ಹೆದರಿ, ಎರಡನೆಯದೋ ಮೂರನೆಯದೋ ಒಂದೇ ಗೇರನ್ನು ಹಿಡಿದು ಕೂರುತ್ತದೆ. ಇದರ ಹೆಸರು ಲಿಂಪ್ ಮೋಡ್: ಕುಂಟುತ್ತಲಾದರೂ ಮನೆ ಸೇರಲಿ ಎಂದು ತಯಾರಕರು ಮಾಡಿಟ್ಟ ಏರ್ಪಾಡು.

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಈ ನಾಲ್ಕೂ ಲಕ್ಷಣಗಳಿರುವ 2011ರ ಸೆಡಾನ್ ನಿಂತಿದೆ. ಸುತ್ತ ನಾಲ್ವರಿದ್ದಾರೆ: ಅದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡ, ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು, ಕೊಳ್ಳಬೇಡಿ ಎಂದಿದ್ದ ಯಜಮಾನತಿ, ಕೊಳ್ಳಿಸಿದ ಭಾಮೈದ, ಮತ್ತು ಮೆಕ್ಯಾನಿಕ್.

ಭಾಮೈದ: ಇದೇನು ದೊಡ್ಡ ವಿಷಯ ಅಲ್ಲ ಭಾವ. ನನ್ನದೂ ಆಟೋಮ್ಯಾಟಿಕ್ಕೇ. ಕ್ಲಚ್ ಪ್ಲೇಟ್ ಹಾಕಿಸಿದ್ರೆ ಮುಗೀತು.

ಮೆಕ್ಯಾನಿಕ್: ನಿಮ್ಮ ಕಾರಿನ ಲಿವರ್‌ನಲ್ಲಿ ಪಿ ಇದೆಯಾ ಸಾರ್?

ಭಾಮೈದ: ಪಿ ಇಲ್ಲ. ಆರ್, ಎನ್, ಡಿ, ಎಂ.

ಮೆಕ್ಯಾನಿಕ್: ಹಾಗಾದ್ರೆ ಅದು ಎಎಂಟಿ. ಒಳಗಿರೋದು ಮ್ಯಾನುವಲ್ ಗೇರ್‌ಬಾಕ್ಸೇ. ನಿಮ್ಮ ಎಡಗಾಲು, ಎಡಗೈ ಮಾಡೋ ಕೆಲಸ ಮಾಡೋಕೆ ಮೇಲೊಂದು ಆಕ್ಚುಯೇಟರ್ ಕೂರಿಸಿರ್ತಾರೆ.

ಯಜಮಾನತಿ: ಅಂದ್ರೆ ಇವನು ಇಷ್ಟು ವರ್ಷ ಓಡಿಸಿದ್ದು ಮ್ಯಾನುವಲ್ಲು! ಹೋದ ಮದುವೆ ಮನೆಯಲ್ಲೆಲ್ಲ ಆಟೋಮ್ಯಾಟಿಕ್ ಅಂತ ಹೇಳ್ಕೊಂಡು ತಿರುಗಿದ್ನಲ್ಲ.

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಭಾರತದ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಗೇರ್‌ಬಾಕ್ಸ್ ಸಿಗುತ್ತವೆ. ಎಎಂಟಿ ಇಲ್ಲಿಗೆ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೋ ಜೊತೆ. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಡಿಸಿಟಿಯಲ್ಲಿ ಎರಡು ಕ್ಲಚ್. ನಾಲ್ಕನೆಯದು ಟಾರ್ಕ್ ಕನ್ವರ್ಟರ್. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲವಾದ್ದರಿಂದ, ಕಾರಿನಲ್ಲಿರುವುದು ಯಾವುದೆಂದು ತಿಳಿಯದೆ ಸಲಹೆ ಕೊಡುವವರಿಂದ ದೂರವಿರುವುದು ಒಳ್ಳೆಯದು, ಅವರು ಭಾಮೈದನಾದರೂ. ಈ ಸೆಡಾನಿನಲ್ಲಿರುವುದು ಟಾರ್ಕ್ ಕನ್ವರ್ಟರ್, ನಾಲ್ಕು ಗೇರು.

ಯಜಮಾನರು: ಮೊನ್ನೆ ಸಿಗ್ನಲ್‌ನಲ್ಲಿ ಬ್ಯಾಟರಿ ಕೈಕೊಡ್ತು. ಇವನೂ ಇಬ್ಬರು ಹುಡುಗರೂ ಅರ್ಧ ಕಿಲೋಮೀಟರ್ ತಳ್ಳಿದ್ರು. ಸ್ಟಾರ್ಟೇ ಆಗ್ಲಿಲ್ಲ.

ಮೆಕ್ಯಾನಿಕ್: ಮೈಸೂರಿನವರೆಗೆ ತಳ್ಳಿದ್ರೂ ಆಗ್ತಿರಲಿಲ್ಲ. ಮ್ಯಾನುವಲ್‌ನಲ್ಲಿ ಚಕ್ರಕ್ಕೂ ಇಂಜಿನ್ನಿಗೂ ಗಟ್ಟಿ ಸಂಬಂಧ. ಇದರಲ್ಲಿ ನಡುವೆ ಇರೋದು ಆಯಿಲ್. ಆಯಿಲ್‌ಗೆ ಒತ್ತಡ ಕೊಡೋ ಪಂಪ್ ತಿರುಗೋದು ಇಂಜಿನ್ನಿಂದ. ಇಂಜಿನ್ ನಿಂತ್ರೆ ಪಂಪ್ ಇಲ್ಲ, ಪಂಪ್ ಇಲ್ದಿದ್ರೆ ಒತ್ತಡ ಇಲ್ಲ, ಒತ್ತಡ ಇಲ್ದೆ ಒಳಗಿನ ಕ್ಲಚ್‌ಗಳು ಹಿಡಿಯೋದೇ ಇಲ್ಲ.

ಭಾಮೈದ: ಇವತ್ತು ಹಗ್ಗ ಕಟ್ಟಿ ಎಳ್ಕೊಂಡು ಬರೋಣ ಅಂದೆ. ಭಾವ ಒಪ್ಪಲಿಲ್ಲ.

ಮೆಕ್ಯಾನಿಕ್: ಬಚಾವಾಯ್ತು. ಪಂಪ್ ಓಡದೆ ಚಕ್ರ ತಿರುಗಿದ್ರೆ ಒಳಗಿನ ಗೇರು, ಬುಷ್‌ಗಳಿಗೆ ಆಯಿಲ್ ಹೋಗಲ್ಲ, ಒಣಗಿ ಉಜ್ಜುತ್ತವೆ. ಮುಂದಿನ ಚಕ್ರ ಎಳೆಯೋ ಆಟೋಮ್ಯಾಟಿಕ್ ಕಾರನ್ನ ಮುಂದಿನ ಚಕ್ರ ಎತ್ತಿ ತರಬೇಕು, ಇಲ್ಲಾಂದ್ರೆ ಪೂರ್ತಿ ಫ್ಲ್ಯಾಟ್‌ಬೆಡ್ ಮೇಲೆ.

ಪರೀಕ್ಷೆ ಶುರುವಾಗಬೇಕಾದದ್ದು ಆಯಿಲ್‌ನಿಂದ, ಯಾಕೆಂದರೆ ಈ ಪೆಟ್ಟಿಗೆಯಲ್ಲಿ ಆಯಿಲ್ ಬರೀ ಜಾರುಕವಲ್ಲ. ಇಂಜಿನ್ನಿನ ಶಕ್ತಿಯನ್ನು ದಾಟಿಸುವುದು, ಕ್ಲಚ್‌ಗಳನ್ನು ಒತ್ತುವುದು, ಬಿಸಿ ಹೊರುವುದು ಎಲ್ಲ ಅದೇ. ಅಳೆಯುವ ವಿಧಾನ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿಯೇ ಪ್ರಮಾಣ. ಬಹಳಷ್ಟು ಕಾರುಗಳಲ್ಲಿ ಇಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ, ಸಮತಟ್ಟಾದ ನೆಲದಲ್ಲಿ, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಎಲ್ಲ ಮನೆಗಳಿಗೂ ಒಮ್ಮೆ ಸುತ್ತಿಸಿ ಪಿಗೆ ತಂದು ನೋಡಬೇಕು. ಹೋಂಡಾದಂಥ ಕೆಲವರು ಇಂಜಿನ್ ಆರಿಸಿದ ಕೂಡಲೇ ನೋಡಿ ಎನ್ನುತ್ತಾರೆ. ಆಯಿಲ್ ಅಳೆಯುವ ಕಡ್ಡಿಯನ್ನೇ ಕೊಡದ ಕಾರುಗಳೂ ಇವೆ. ಅವುಗಳಲ್ಲಿ ನಿಗದಿತ ಬಿಸಿಯಲ್ಲಿ ತಳದ ಪ್ಲಗ್ ಬಿಚ್ಚಿ ನೋಡುವುದೊಂದೇ ದಾರಿ.

ಭಾಮೈದ (ಬಾನೆಟ್ ಎತ್ತಿ ಒಂದು ಕಡ್ಡಿ ಎಳೆದು): ನೋಡಿ, ಆಯಿಲ್ ಫುಲ್ ಇದೆ!

ಮೆಕ್ಯಾನಿಕ್: ಅದು ಇಂಜಿನ್ ಆಯಿಲ್ ಕಡ್ಡಿ. ಗೇರ್‌ಬಾಕ್ಸಿನದು ಆ ಕಡೆ, ಕೆಳಗೆ.

ಸರಿಯಾದ ಕಡ್ಡಿ ಹೊರಬಂದಾಗ ಅದರ ತುದಿಯಷ್ಟೇ ಒದ್ದೆಯಾಗಿರುತ್ತದೆ. ಕೆಂಪಾಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ.

ಯಜಮಾನತಿ (ಮೂಗು ಹತ್ತಿರ ತಂದು): ಸೀದುಹೋಗಿದೆ. ಒಗ್ಗರಣೆ ಒಲೆ ಮೇಲೆ ಮರೆತ ಹಾಗಿದೆ ವಾಸನೆ.

ಮೆಕ್ಯಾನಿಕ್: ಅಮ್ಮಾವ್ರು ಹೇಳಿದ್ದು ಸರಿ. ಬಿಸಿ ಜಾಸ್ತಿಯಾಗಿ ಆಯಿಲ್ ಸುಟ್ಟಿದೆ. ಲೆವೆಲ್ಲೂ ಕಡಿಮೆ. ಪಂಪ್ ಆಯಿಲ್ ಜೊತೆ ಗಾಳಿನೂ ಎಳೆಯುತ್ತೆ, ಒತ್ತಡ ಏರೋಕೆ ತಡ ಆಗುತ್ತೆ. ಬೆಳಿಗ್ಗೆ ಕಾರು ಯೋಚನೆ ಮಾಡ್ತಾ ನಿಲ್ಲೋದು ಅದಕ್ಕೇ.

ಯಜಮಾನರು: ಹದಿನೈದು ವರ್ಷ ಓಡಿದೆ, ಸ್ವಲ್ಪ ಖರ್ಚಾಗಿರಬಹುದಲ್ಲ?

ಮೆಕ್ಯಾನಿಕ್: ಪೆಟ್ರೋಲ್ ಖರ್ಚಾಗುತ್ತೆ ಸಾರ್. ಗೇರ್‌ಬಾಕ್ಸ್ ಆಯಿಲ್ ಸೀದರೂ ಉರಿದು ಖಾಲಿಯಾಗಲ್ಲ. ಕಡಿಮೆ ಆಗಿದೆ ಅಂದ್ರೆ ಸೋರಿದೆ ಅಂತ ಅರ್ಥ. ಆಕ್ಸೆಲ್ ಸೀಲ್ ನೋಡಿ, ಒದ್ದೆ.

ಭಾಮೈದ: ಆದ್ರೆ ಮಾರಿದವನು ಹೇಳಿದ್ದ, ಇದಕ್ಕೆ ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ ಅಂತ.

ಯಜಮಾನತಿ: ಯಾರ ಲೈಫು? ಆಯಿಲ್‌ದೋ, ಕಾರಿಂದೋ, ವಾರಂಟಿದೋ?

ಪ್ರಶ್ನೆ ನ್ಯಾಯವಾದದ್ದು. ಹಲವು ಕಾರು ಕಂಪನಿಗಳು ಗೇರ್‌ಬಾಕ್ಸ್ ಆಯಿಲ್ ಜೀವನಪರ್ಯಂತ ಬರುತ್ತದೆ ಎನ್ನುತ್ತವೆ. ಗೇರ್‌ಬಾಕ್ಸನ್ನೇ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿ ಮಾತ್ರ ತನ್ನವಕ್ಕೆ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ಇಬ್ಬರಲ್ಲಿ ಯಾರನ್ನು ನಂಬಬೇಕೆಂಬುದು ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನ ಗೇರ್‌ಬಾಕ್ಸ್ ಹೆದ್ದಾರಿಯಲ್ಲಿ ಓಡುವುದಕ್ಕಿಂತ ಹೆಚ್ಚು ಕಾಯುತ್ತದೆ, ಅದರ ಆಯಿಲ್ ಬೇಗ ಮುಪ್ಪಾಗುತ್ತದೆ. ಮಳೆಗಾಲದ ರಸ್ತೆಯ ನೀರಿನಲ್ಲಿ ಮುಳುಗಿದ ಕಾರುಗಳದ್ದು ಬೇರೆಯೇ ಕಥೆ. ಅವುಗಳ ಆಯಿಲ್ ಹಾಲು ಬೆರೆತ ತಿಳಿಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಒಡೆದು ಕೂಲೆಂಟ್ ಸೇರಿದಾಗಲೂ ಬಣ್ಣ ಅದೇ. ಕೊಳ್ಳುವ ಮೊದಲು ಕಡ್ಡಿಗೆ ಅಂಥ ಬಣ್ಣ ಅಂಟಿದ್ದು ಕಂಡರೆ ವಾಪಸು ಬರಬಹುದು.

ಆಯಿಲ್ ಆದ ಮೇಲೆ ಸ್ಕ್ಯಾನರ್.

ಭಾಮೈದ: ನನ್ನ ಹತ್ತಿರಾನೇ ಇದೆ, ಆನ್‌ಲೈನಲ್ಲಿ ತರಿಸಿದ್ದು. ಮೊಬೈಲಲ್ಲೇ ಬರುತ್ತೆ. ನೋಡಿ, ಪಿ0700! ಅದೇ ರೋಗ. ಗೇರ್‌ಬಾಕ್ಸ್ ಇಳಿಸಬೇಕು.

ಮೆಕ್ಯಾನಿಕ್: ಪಿ0700 ಅಂದ್ರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಹತ್ತಿರ ಒಂದು ದೂರು ಇದೆ, ಹೋಗಿ ಕೇಳಿ ಅಂತ. ದೂರು ಏನು ಅಂತ ಅದು ಹೇಳಲ್ಲ. ಅಗ್ಗದ ಸ್ಕ್ಯಾನರ್‌ಗಳು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತವೆ.

ಯಜಮಾನರು: ಹೆಡ್ ಆಫೀಸಿನ ಪತ್ರದ ಹಾಗೆ. ಗಂಭೀರವಾಗಿ ಪರಿಗಣಿಸಿ ಅಂತ ಬರುತ್ತೆ, ಏನನ್ನ ಅಂತ ಇರಲ್ಲ.

ಗ್ಯಾರೇಜಿನ ದೊಡ್ಡ ಸ್ಕ್ಯಾನರಿನಲ್ಲಿ ಎರಡನೆಯ ಕೋಡ್ ಬರುತ್ತದೆ: ಪಿ0753, ಅಂದರೆ ಮೊದಲ ಶಿಫ್ಟ್ ಸಲೆನಾಯ್ಡಿನ ವಿದ್ಯುತ್ ದೋಷ. ಆಯಿಲ್ ಯಾವ ದಾರಿಯಲ್ಲಿ ಹರಿಯಬೇಕೆಂದು ತೆರೆದು ಮುಚ್ಚುವ ಪುಟ್ಟ ವಿದ್ಯುತ್ ಕವಾಟಗಳೇ ಸಲೆನಾಯ್ಡ್. ಕೋಡ್ ಬಂದ ಕೂಡಲೇ ಬಿಡಿಭಾಗ ಕೊಳ್ಳುವುದು ವ್ಯರ್ಥ ಖರ್ಚಿಗೆ ಹೆದ್ದಾರಿ. ದೋಷ ಕವಾಟದಲ್ಲಿರಬಹುದು, ಅದರ ತಂತಿಯಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು. ಬ್ಯಾಟರಿ ಸೊರಗಿದ್ದರೂ ಇಲ್ಲದ ಕೋಡುಗಳು ಎದ್ದು ಬರುತ್ತವೆ. ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ತಂತಿಯ ಗುಂಟ ಹೋಗುತ್ತಾನೆ.

ಮೆಕ್ಯಾನಿಕ್: ಸಿಕ್ತು. ಇಲಿ ಕಡಿದಿದೆ.

ಯಜಮಾನತಿ: ಚೌತಿ ಹತ್ತಿರ ಬಂತು ನೋಡಿ. ಗಣಪತಿ ವಾಹನ ನಮ್ಮ ವಾಹನ ತಿಂದಿದೆ.

ಭಾಮೈದ: ಹಾಗಾದ್ರೆ ಬರೀ ತಂತಿ! ಐನೂರು ರೂಪಾಯಿ ಕೆಲಸ!

ಮೆಕ್ಯಾನಿಕ್: ಲಿಂಪ್ ಮೋಡ್ ತಂತಿಯಿಂದ. ತಡ, ಒದೆತ, ಸ್ಲಿಪ್ ಆಯಿಲ್‌ನಿಂದ. ಎರಡು ಕಾಯಿಲೆ ಒಂದೇ ಮೈಯಲ್ಲಿ.

ತಂತಿ ಸೇರಿಸಿ, ಆಕ್ಸೆಲ್ ಸೀಲ್ ಬದಲಾಯಿಸಿದ ಮೇಲೆ ಆಯಿಲ್ ಸರದಿ. ಇಲ್ಲಿ ಎರಡು ಪಕ್ಷಗಳಿವೆ. ಮೆಷಿನ್ ಹಚ್ಚಿ ಹಳೆಯದನ್ನೆಲ್ಲ ಒಂದೇ ಸಲ ತೊಳೆಯಬೇಕೆನ್ನುವವರು ಒಂದು ಕಡೆ. ಮುಟ್ಟಲೇಬಾರದು, ಮುಟ್ಟಿದರೆ ಗೇರ್‌ಬಾಕ್ಸ್ ಸಾಯುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡನೆಯ ಮಾತಿನಲ್ಲಿ ಅರ್ಧ ನಿಜವಿದೆ. ಆಯಿಲ್ ಬದಲಾಯಿಸಿದ ವಾರದಲ್ಲೇ ಕೈಕೊಟ್ಟ ಗೇರ್‌ಬಾಕ್ಸುಗಳು ಹೆಚ್ಚಾಗಿ ಮೊದಲೇ ಸವೆದು, ಆಸೆಯಿಂದ ಕೊನೆಯ ಗಳಿಗೆಯಲ್ಲಿ ಗ್ಯಾರೇಜಿಗೆ ತಂದವು. ಸವೆದ ಕ್ಲಚ್ ಪದರವನ್ನು ಹೊಸ ಆಯಿಲ್ ಬೆಳೆಸಿಕೊಡುವುದಿಲ್ಲ.

ಭಾಮೈದ: ಕೆಂಪು ಆಯಿಲ್ ತಾನೆ? ಪವರ್ ಸ್ಟೀರಿಂಗಿಗೆ ತಂದಿದ್ದು ಮನೇಲಿ ಅರ್ಧ ಡಬ್ಬ ಉಳಿದಿದೆ.

ಮೆಕ್ಯಾನಿಕ್: ಕೆಂಪು ಬರೀ ಡೈ ಸಾರ್. ಸೋರಿದ್ರೆ ಗುರುತು ಸಿಗಲಿ ಅಂತ ಹಾಕ್ತಾರೆ. ಕೈಪಿಡಿಯಲ್ಲಿ ಯಾವ ಹೆಸರು ಬರೆದಿದೆಯೋ ಅದೇ ಆಗಬೇಕು. ಸಿವಿಟಿ ಆಯಿಲ್ ಇದಕ್ಕೆ ಹಾಕಿದ್ರೆ ಇದು ಹಾಳು, ಇದರದ್ದು ಸಿವಿಟಿಗೆ ಹಾಕಿದ್ರೆ ಅದು ಹಾಳು.

ತಳದ ಪ್ಯಾನ್ ಬಿಚ್ಚಿದಾಗ ಒಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿದೆ. ಇದು ಸಹಜ ಸವೆತ. ಫಳಫಳ ಹೊಳೆಯುವ ಲೋಹದ ಚೂರುಗಳಿದ್ದರೆ, ಪ್ಯಾನ್ ತಳದಲ್ಲಿ ಕಪ್ಪು ಕ್ಲಚ್ ಪುಡಿ ದಪ್ಪಗೆ ಕೂತಿದ್ದರೆ ಅಲ್ಲಿಗೆ ಆಯಿಲ್ ಮಾತು ನಿಲ್ಲಿಸಿ ಗೇರ್‌ಬಾಕ್ಸ್ ಇಳಿಸಬೇಕಾಗುತ್ತಿತ್ತು.

ಮೆಕ್ಯಾನಿಕ್: ಒಟ್ಟು 7.5 ಲೀಟರ್ ಹಿಡಿಯುತ್ತೆ. ಬಿಚ್ಚಿದ್ರೆ ಬೀಳೋದು 3 ಲೀಟರ್. ಉಳಿದದ್ದು ಕನ್ವರ್ಟರ್ ಒಳಗೆ ಕೂತಿರುತ್ತೆ. ಅದಕ್ಕೇ ಇವತ್ತೊಂದು ಸಲ, ಒಂದಷ್ಟು ಓಡಿಸಿ ಇನ್ನೊಂದು ಸಲ, ಆಮೇಲೆ ಮತ್ತೊಂದು ಸಲ.

ಯಜಮಾನರು (ಪೆನ್ನು ತೆಗೆದು): ಒಂದು ಸಲಕ್ಕೆ ಶೇ. 40 ಹೊಸದು. ಎರಡನೇ ಸಲ ಉಳಿದ 60ರಲ್ಲಿ 40 ಭಾಗ, ಒಟ್ಟು 64. ಮೂರನೇ ಸಲಕ್ಕೆ 78. ಇದು ಚಕ್ರಬಡ್ಡಿ ಕಣ್ರೀ! ನೂರು ಯಾವತ್ತೂ ಆಗಲ್ಲ.

ಯಜಮಾನತಿ: ಸಾಲ ತೀರಲ್ಲ ಅನ್ನಿ.

ಮೂರನೆಯ ಸಲದ ಹೊತ್ತಿಗೆ ಬೆಳಗಿನ ತಡ ಹೋಗಿದೆ, ಸ್ಲಿಪ್ ನಿಂತಿದೆ. ಎರಡರಿಂದ ಮೂರಕ್ಕೆ ಏರುವಾಗ ಸಣ್ಣ ತಟ್ಟು ಉಳಿದಿದೆ. ಅದನ್ನು ಹಾಗೇ ಬಿಡುವುದು ಜಾಣತನ.

ಭಾಮೈದ: ಮತ್ತೆ ಸ್ಲಿಪ್ ಆದ್ರೆ?

ಮೆಕ್ಯಾನಿಕ್: ಇಳಿಸಿ ಬಿಚ್ಚಿ ಕ್ಲಚ್ ಪ್ಲೇಟು, ಸೀಲು ಎಲ್ಲ ಹಾಕಬೇಕು. ಕನ್ವರ್ಟರೂ ರಿಪೇರಿ. ಇಲ್ಲಾಂದ್ರೆ ಶಿವಾಜಿನಗರದ ಗುಜರಿಯಲ್ಲಿ ಹಳೇ ಗೇರ್‌ಬಾಕ್ಸ್ ಹುಡುಕೋದು. ಕಾರಿನ ಹೆಸರು ನೋಡಿ ತರಬೇಡಿ, ಗೇರ್‌ಬಾಕ್ಸ್ ಮೇಲಿರೋ ಪ್ಲೇಟಿನ ನಂಬರ್ ಹೊಂದಬೇಕು. ಖರ್ಚು ಕಾರಿನ ಬೆಲೆಯ ಅರ್ಧ ದಾಟಿದ್ರೆ ನನ್ನ ಕೇಳಬೇಡಿ, ಅಮ್ಮಾವ್ರನ್ನ ಕೇಳಿ.

ಉಳಿದದ್ದು ಓಡಿಸುವ ಅಭ್ಯಾಸ. ಕಾರು ಪೂರ್ತಿ ನಿಲ್ಲುವ ಮುನ್ನ ಡಿಯಿಂದ ಆರ್‌ಗೆ ಎಳೆಯಬಾರದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ತುಳಿದೇ ಇದ್ದು ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಇಲ್ಲವಾದರೆ ಕಾರಿನ ಪೂರ್ತಿ ಭಾರ ಪಾರ್ಕಿಂಗ್ ಪಾಲ್ ಎಂಬ ಒಂದು ಲೋಹದ ಕೊಂಡಿಯ ಮೇಲೆ ಬೀಳುತ್ತದೆ. ಪೆಟ್ರೋಲ್ ಉಳಿಸಲು ಘಾಟಿ ಇಳಿಯುವಾಗ ಎನ್‌ಗೆ ಹಾಕುವುದು ಕೂಡದು.

ಯಜಮಾನರು (ಬಿಲ್ ಓದುತ್ತ): ಆಯಿಲ್, ಫಿಲ್ಟರ್, ಸೀಲ್, ತಂತಿ, ಲೇಬರ್. ಸರಿ. ಇದೇನು, ಇಲಿ ಪಾಷಾಣ 60 ರೂಪಾಯಿ?

ಮೆಕ್ಯಾನಿಕ್: ಅದು ಇಲ್ಲಿಗಲ್ಲ ಸಾರ್, ನಿಮ್ಮ ಪಾರ್ಕಿಂಗಿಗೆ.

ಯಜಮಾನತಿ: ಪಾಷಾಣ ಬೇಡ, ಬೋನು ಕೊಡಿ. ಸತ್ತದ್ದನ್ನ ಬಾನೆಟ್ ಒಳಗಿಂದ ತೆಗೆಯೋರು ಯಾರು, ಇವನಾ?