ಆಂಪಿಯರ್ ಮಾವ

ಪೆಟಾಲಿಂಗ್ ಜಯಾದಲ್ಲಿ ಕರೆಂಟ್ ಹೋಗುವುದು ಅಪರೂಪ. ನಮ್ಮ ಕಡೆಯಿಂದ ಬಂದ ಕೆಲವು ಗಂಡಸರಿಗೆ ಅದೇ ದೊಡ್ಡ ಕೊರತೆ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಓದಿ ಪಾಸಾದವರು, ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಲೇ ಸಂಸಾರ ನಡೆಸಿದವರು, ಇಲ್ಲಿ ಬಂದು ಕೈಕಟ್ಟಿ ಕೂರಬೇಕೆಂದರೆ ಹೇಗೆ? 1996ರ ಆಗಸ್ಟ್ 3ರಂದು ಮಲೇಷ್ಯಾ ಪರ್ಯಾಯದ್ವೀಪಕ್ಕೆ ಪೂರ್ತಿ ಕರೆಂಟ್ ಹೋಗಿತ್ತು. ಅಂಥ ದಿನ ತಾವು ಇಲ್ಲಿರಲಿಲ್ಲವಲ್ಲ ಎಂದು ಇವರಿಗೆ ಇವತ್ತಿಗೂ ಬೇಜಾರು. ಕೊನೆಗೆ ಒಂದು ಹಳೇ ವ್ಯಾನ್ ಕೊಳ್ಳುತ್ತಾರೆ, ಕರೆಂಟ್ ಇರುವ ಮನೆ ಬಿಟ್ಟು ಇಲ್ಲದ ಜಾಗಕ್ಕೆ ಹೋಗಿ ಮಲಗಲು.

ಮಕ್ಕಳ ಬಾಯಲ್ಲಿ ಇವರು ಆಂಪಿಯರ್ ಮಾವ. ಭಾನುವಾರ ಸೊಪ್ಪು ತರಲು ಕಳಿಸಿದರೆ ಕೌಲಾಲಂಪುರದ ಜಲಾನ್ ಪಸಾರ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿಬಿಡುತ್ತಾರೆ. ಬರುವಾಗ ಚೀಲದಲ್ಲಿ ಕೆಂಪು ಕೇಬಲ್, ಕಪ್ಪು ಕೇಬಲ್, ಒಂದು ಹಿಡಿ ಫ್ಯೂಸು.

ಊಟಕ್ಕೆ ಕರೆದು ವ್ಯಾನಿನ ಹತ್ತಿರ ನಿಲ್ಲಿಸಿಕೊಳ್ಳುತ್ತಾರೆ. "ನೋಡಿ ಸಾರ್, ಎಂಜಿನ್ ಬ್ಯಾಟರಿ ಎಂಜಿನ್ನಿಗೆ ಮಾತ್ರ. ದೀಪ, ಫ್ಯಾನು, ಫ್ರಿಜ್ಜಿಗೆ ಇನ್ನೊಂದು. ಎರಡೂ ಒಂದೇ ಆದರೆ ರಾತ್ರಿ ಫ್ಯಾನ್ ಹಾಕಿಕೊಂಡವನು ಬೆಳಿಗ್ಗೆ ವ್ಯಾನ್ ತಳ್ಳಬೇಕು." ಮನೆಯಲ್ಲಿ 600 ವ್ಯಾಟಿನ ರೈಸ್ ಕುಕ್ಕರ್ ಎರಡೂವರೆ ಆಂಪಿಯರ್ ಎಳೆದರೆ, ಇಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಐವತ್ತಕ್ಕೂ ಹೆಚ್ಚು ಎಳೆಯುತ್ತದೆ, ಸಣ್ಣ ವೈರ್ ಹಾಕಿದರೆ ಅನ್ನಕ್ಕಿಂತ ಮೊದಲು ವೈರೇ ಬೇಯುತ್ತದೆ. ಅದಕ್ಕೇ ಬೆರಳು ದಪ್ಪದ ಕೇಬಲ್. ಅದಕ್ಕೇ ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆ ಫ್ಯೂಸು. "ಫ್ಯೂಸ್ ಇರೋದು ಕುಕ್ಕರ್ ಉಳಿಸೋಕಲ್ಲ ಸಾರ್, ವೈರ್ ಉಳಿಸೋಕೆ!" ಎನ್ನುವಾಗ ಅವರ ಮುಖದಲ್ಲಿ ಮೂಡುವ ಕಳೆ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ಹೇಳುವುದೆಲ್ಲ ನಿಜ, ಕಷ್ಟವಿರುವುದೇ ಅಲ್ಲಿ. ಸುಳ್ಳಾಗಿದ್ದರೆ ಎದ್ದು ಬರಬಹುದಿತ್ತು.

ವ್ಯಾನಿನ ತಲೆಯ ಮೇಲೆ ಸೋಲಾರ್ ಪ್ಯಾನೆಲ್ ಬೇರೆ. ವ್ಯಾನ್ ನಿಲ್ಲುವುದು ಮಾತ್ರ ಕಾಂಡೊಮಿನಿಯಮ್ಮಿನ ಬೇಸ್‌ಮೆಂಟಿನಲ್ಲಿ. ಸೂರ್ಯನಿಗೆ ಅಲ್ಲಿಯ ಆಕ್ಸೆಸ್ ಕಾರ್ಡ್ ಸಿಕ್ಕಿಲ್ಲ. ಹೀಗಾಗಿ ಸಂಜೆ ಫೆಡರಲ್ ಹೈವೇಯ ಟ್ರಾಫಿಕ್ಕಿನಲ್ಲಿ ಸುಮ್ಮನೆ ಸುತ್ತಿ, ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಂಡು ಬರುತ್ತಾರೆ. ಡೀಸೆಲ್ ಖರ್ಚಿನ ಲೆಕ್ಕ ಕೇಳಿದರೆ ಕಿವಿ ಮಂದ.

ರಜೆ ಬಂದರೆ ಸವಾರಿ ಕ್ಯಾಮರಾನ್ ಹೈಲ್ಯಾಂಡ್ಸ್‌ಗೆ.

"ರೀ, ಅಲ್ಲಿ ಹೋಟೆಲ್ ರೂಮಲ್ಲಿ ಕರೆಂಟ್ ಇರಲ್ವಾ?"

"ಇರುತ್ತೆ ಕಣೇ. ಅದು ನಮ್ಮದಲ್ಲ."

ಅಲ್ಲಿಯ ಸಾವಿರದ ನಾನೂರು ಮೀಟರ್ ಎತ್ತರದ ತಾನಾ ರಾಟಾ ಊರಿನ ಚಳಿಯಲ್ಲಿ ಫ್ಯಾನ್ ಯಾರಿಗೆ ಬೇಕು? ಹೆಂಡತಿ ಮಕ್ಕಳು ಹೋಟೆಲಿನಲ್ಲಿ ಬಿಸಿನೀರು ಸ್ನಾನ ಮಾಡಿ ಬೆಚ್ಚಗೆ ಮಲಗುತ್ತಾರೆ. ಮಾವ ವ್ಯಾನಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಮೊಬೈಲಿನಲ್ಲಿ ಬ್ಯಾಟರಿ ಮೀಟರ್ ನೋಡುತ್ತ ಕೂತಿರುತ್ತಾರೆ. ಹೀಟರ್ ಹಾಕಬಹುದಲ್ಲ ಅನ್ನಬೇಡಿ. ಹೀಟರ್ ಎಂಬ ಶಬ್ದ ಕೇಳಿದರೇ ಅವರ ರಕ್ತದೊತ್ತಡ ಏರುತ್ತದೆ. ಬೆಳಿಗ್ಗೆ ಇಡೀ ಬಳಗಕ್ಕೆ ವಾಟ್ಸಾಪ್ ಬರುತ್ತದೆ: "ರಾತ್ರಿಯೆಲ್ಲ ಕಳೆದರೂ 98 ಪರ್ಸೆಂಟ್!" ಏನೂ ಉಪಯೋಗಿಸದಿದ್ದರೆ ಇನ್ನೆಷ್ಟಿರಬೇಕು ಎಂದು ಕೇಳುವ ಧೈರ್ಯ ಬಳಗದಲ್ಲಿ ಯಾರಿಗೂ ಇಲ್ಲ.

ಒಂದಂತೂ ಒಪ್ಪಬೇಕು, ಇವರ ವೈರಿಂಗಿಗೆ ಬೆಂಕಿ ಹತ್ತುವುದಿಲ್ಲ. ಪೆಟಾಲಿಂಗ್ ಜಯಾ ಕಡೆ ಬಂದರೆ ವ್ಯಾನನ್ನು ಖಂಡಿತ ನೋಡಿ. ಆದರೆ ಊಟ ಮುಗಿಸಿಕೊಂಡೇ ಹೋಗಿ. ಒಂದು ಸಲ ಅನ್ನ ಮಾಡಿದರೆ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಲು ಭಾಗ ಖರ್ಚಾಗುತ್ತದೆಂದು ಆ ಕುಕ್ಕರನ್ನು ಅವರು ಇನ್ನೂ ಡಬ್ಬಿಯಿಂದ ತೆಗೆದಿಲ್ಲ.