ಗಜಂ ಎಂತ?

ನಮ್ಮತ್ತೆ ವಿಜಯವಾಡಕ್ಕೆ ಬಂದ ಮೊದಲ ವಾರವೇ ಕಾನೂರಿನ ಕಡೆ ಒಂದು ಸೈಟಿನ ವ್ಯಾಪಾರ ಮುಗಿಸಿಬಿಡುವವರಿದ್ದರು. ತಪ್ಪು ಅವರದಲ್ಲ, ಕೊಪ್ಪದ್ದು. ಕೊಪ್ಪ, ಶೃಂಗೇರಿ ಕಡೆ ‘ಎಂತ’ ಅಂದರೆ ಏನು. ಕೃಷ್ಣಾ ನದಿಯ ದಡದಲ್ಲಿ ‘ಎಂತ’ ಅಂದರೆ ಎಷ್ಟು. ಬ್ರೋಕರ್ ಕೈಯಾಡಿಸಿ ಏನೋ ಹೇಳುವುದು, ಅರ್ಥವಾಗದೆ ಅತ್ತೆ “ಎಂತ?” ಅನ್ನುವುದು, ಅವನು ಬೆಲೆ ಹೇಳುವುದು, ಅದೂ ಅರ್ಥವಾಗದೆ ಇವರು ಮತ್ತೆ “ಎಂತ?” ಅನ್ನುವುದು, ಅವನು ಇನ್ನೂರು ಇಳಿಸುವುದು. ಆರನೇ ‘ಎಂತ’ದ ಹೊತ್ತಿಗೆ ಗಜಕ್ಕೆ ಸಾವಿರ ರೂಪಾಯಿ ಇಳಿದಿತ್ತು. ನಮ್ಮ ಮನೆಯವರು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಊರವರಿಗೆಲ್ಲ ಗೃಹಸಾಲ ಕೊಟ್ಟವರು. ಅವರು ಇಷ್ಟು ಚೆನ್ನಾಗಿ ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ.

ವ್ಯಾಪಾರ ಮುರಿದದ್ದು ಆನೆಯಿಂದ. “ರೆಂಡೊಂದಲ ಗಜಾಲು” ಎಂದು ಬ್ರೋಕರ್ ಹೆಮ್ಮೆಯಿಂದ ಹೇಳಿದ. ಇನ್ನೂರು ಗಜ ಎಂದು ಇವರು ಅನುವಾದಿಸಿದರು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮೂರಲ್ಲಿ ಒಂದು ಆನೆ ತೋಟಕ್ಕೆ ಇಳಿದರೇ ಫಾರೆಸ್ಟಿನವರಿಗೆ ಫೋನು, ಪಟಾಕಿ, ರಾತ್ರಿಯೆಲ್ಲ ಜಾಗರಣೆ. “ಬಟ್ಟೆ ಅಳೆಯೋ ಗಜ ಕಣಮ್ಮ” ಎಂದು ಇವರು ಸಮಾಧಾನ ಮಾಡಿದರೆ, “ಜಾಗ ಯಾರಾದ್ರೂ ಸೀರೆ ಹಾಗೆ ಅಳೀತಾರಾ?” ಎಂದು ತಿರುಗಿ ಕಾರು ಹತ್ತಿದರು.

ಆಂಧ್ರದಲ್ಲಿ ಅಳೆಯುತ್ತಾರೆ. ಒಂದು ಗಜ ಅಂದರೆ 9 ಚದರಡಿ. ‘ಥರ್ಟಿ ಫಾರ್ಟಿ’ ಎಂಬುದು ಕನ್ನಡಿಗನ ಮಟ್ಟಿಗೆ ಅಳತೆಯಲ್ಲ, ಧರ್ಮ. ಆ 1,200 ಚದರಡಿಯನ್ನು ಒಂಬತ್ತರಿಂದ ಭಾಗಿಸಿದರೆ 133 ಗಜ ಬಂದು ಮೂರು ಚದರಡಿ ಉಳಿಯುತ್ತದೆ. ಆ ಮೂರರಲ್ಲಿ ತುಳಸಿಕಟ್ಟೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಹೊಲ, ತೋಟಕ್ಕೆ ಇಲ್ಲಿ ಸೆಂಟು. ನಮ್ಮ ಎಕರೆಗೆ 40 ಗುಂಟೆ, ಇವರ ಎಕರೆಗೆ 100 ಸೆಂಟು. ಎಕರೆ ಅದೇ, ಆದರೂ ನೂರು ಅಂದಾಗ ಇವರದೇ ದೊಡ್ಡದು ಅನಿಸುತ್ತದೆ.

ನಾವು ಬಂದದ್ದು 2015ರಲ್ಲಿ. ಅದೇ ಅಕ್ಟೋಬರ್ 22, ವಿಜಯದಶಮಿಯ ದಿನ, ನದಿಯಾಚೆ ಉದ್ದಂಡರಾಯುನಿಪಾಲೆಂನಲ್ಲಿ ಅಮರಾವತಿಗೆ ಶಂಕುಸ್ಥಾಪನೆ ಆಯಿತು. ಪ್ರಧಾನಿ ದೆಹಲಿಯಿಂದ ಸಂಸತ್ತಿನ ಆವರಣದ ಮಣ್ಣು, ಯಮುನೆಯ ನೀರು ತಂದರು. ರೈತರು 33,000ಕ್ಕೂ ಮಿಕ್ಕಿ ಎಕರೆ ಜಮೀನನ್ನು ಪೂಲಿಂಗಿಗೆ ಬಿಟ್ಟುಕೊಟ್ಟಿದ್ದರು. ಒಂದು ಎಕರೆ ಖುಷ್ಕಿ ಕೊಟ್ಟವನಿಗೆ ಮುಂದೆ 1,000 ಗಜ ಮನೆ ಜಾಗ, 250 ಗಜ ಅಂಗಡಿ ಜಾಗ ವಾಪಸ್ ಎಂಬ ಕರಾರು. ನದಿಪಕ್ಕದ ಜರೀಬು ಭೂಮಿಯಾದರೆ ಅಂಗಡಿ ಜಾಗ 450 ಗಜ. ಇಡ್ಲಿ ಅಂಗಡಿಯಲ್ಲಿ ಚಟ್ನಿ ಕೇಳಿದರೂ ಗಜದ ರೇಟು ಹೇಳುವ ಕಾಲ ಅದು. ಇವರು ಮಾತ್ರ ಗಂಭೀರವಾಗಿ “ಸ್ವಲ್ಪ ಇಳೀಲಿ” ಅಂದರು.

ಇಳಿಯಿತು. 2019ರ ಡಿಸೆಂಬರ್ 17ರಂದು ಜಗನ್ ಮೋಹನ ರೆಡ್ಡಿ ವಿಧಾನಸಭೆಯಲ್ಲಿ ಎದ್ದುನಿಂತು ಮೂರು ರಾಜಧಾನಿಯ ಮಾತೆತ್ತಿದರು: ಆಡಳಿತ ವಿಶಾಖಪಟ್ಟಣದಲ್ಲಿ, ಶಾಸಕಾಂಗ ಅಮರಾವತಿಯಲ್ಲಿ, ನ್ಯಾಯಾಂಗ ಕರ್ನೂಲಿನಲ್ಲಿ. ಅಮರಾವತಿಯ ಬೆಲೆ ಕುಸಿಯಿತು. ಈಗ ಕೊಳ್ಳೋಣವೆಂದು ನಾನು ಕುಣಿದೆ. ಇಳಿಯುವಾಗ ಕೊಳ್ಳುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿಲ್ಲ. “ಇನ್ನೂ ಇಳೀಲಿ” ಅಂದರು. ಅಷ್ಟರಲ್ಲಿ ವರ್ಗದ ಆರ್ಡರ್ ಬಂತು, ಎಲ್ಲಿಗೆ? ವಿಶಾಖಪಟ್ಟಣಕ್ಕೆ. ಅಲ್ಲಿ ಏರುತ್ತಿತ್ತು. ರಾಜಧಾನಿಗೆ ನಮ್ಮ ಟ್ರಾನ್ಸ್‌ಫರ್ ಆರ್ಡರಿನ ಪ್ರತಿ ಯಾರೋ ಕಳಿಸುತ್ತಾರೆ ಎಂಬ ಗುಮಾನಿ ನನಗೆ ಅಂದಿನಿಂದ. ನಾವಿರುವ ಊರಿನಲ್ಲಿ ಬೆಲೆ ಮೇಲೆ, ಬಿಟ್ಟು ಬಂದ ಊರಿನಲ್ಲಿ ಕೆಳಗೆ. 2021ರಲ್ಲಿ ಆ ಮೂರರ ಕಾಯ್ದೆ ವಾಪಸಾಯಿತು, 2022ರಲ್ಲಿ ಹೈಕೋರ್ಟು ಅಮರಾವತಿ ಅಂದಿತು, 2024ರಲ್ಲಿ ಚಂದ್ರಬಾಬು ನಾಯ್ಡು ಮರಳಿ ಬಂದರು, 2025ರ ಮೇನಲ್ಲಿ ಪ್ರಧಾನಿಯೂ ಮರಳಿ ಬಂದು ಕೆಲಸಕ್ಕೆ ಮತ್ತೆ ಚಾಲನೆ ಕೊಟ್ಟರು. ಹಾಗಾದರೆ ವೈಜಾಗ್ ಇಳಿಯಬೇಕಲ್ಲ? ಇಲ್ಲ. ಅಕ್ಟೋಬರಿನಲ್ಲಿ ಗೂಗಲ್‌ನವರು ಇಲ್ಲೇ ಡೇಟಾ ಸೆಂಟರ್ ಅಂದರು. ಮರುದಿನ ನಮ್ಮ ಸೊಪ್ಪಿನವನು ಗೋಂಗೂರ ಕಟ್ಟುತ್ತಾ ಮಧುರವಾಡದ ಗಜದ ರೇಟು ಹೇಳಿದ.

ಇವರು ಕೊಳ್ಳಲು ಪ್ರಯತ್ನಿಸಲೇ ಇಲ್ಲ ಅನ್ನುವಂತಿಲ್ಲ. ತೆಲುಗು ಲಿಪಿ ಕನ್ನಡದ ತಂಗಿ, ತಲೆಕಟ್ಟು ಬದಲಾಯಿಸಿದರೆ ಮುಗಿಯಿತು ಎಂಬುದು ಇವರ ವಾದ. ಒಂದು ಭಾನುವಾರ ಭೀಮಿಲಿ ರಸ್ತೆಯಲ್ಲಿ ಸಮುದ್ರ ಕಾಣುವ ಜಾಗದಲ್ಲಿ ಕಾರು ನಿಲ್ಲಿಸಿದರು. ಬೇಲಿಗೆ ಕಟ್ಟಿದ ಫಲಕ, ಕೆಳಗೆ ಫೋನ್ ನಂಬರ್. “ಈ ಸ್ಥಲಮು ಅಮ್ಮಬಡದು” ಎಂದು ಸ್ಪಷ್ಟವಾಗಿ ಓದಿದರು. “ಅಮ್ಮು ಅಂದರೆ ಮಾರು. ಮಾರಾಟಕ್ಕಿದೆ!” ಎಂದು ಫೋನು ಹಚ್ಚಿದರು. ಆ ಕಡೆಯವರು ಮೊದಲು ಸೌಮ್ಯವಾಗಿ, ಆಮೇಲೆ ಏರುದನಿಯಲ್ಲಿ, ಕೊನೆಗೆ ಪೊಲೀಸ್ ಎಂಬ ಪದ ಸೇರಿಸಿ ಮಾತಾಡಿದರು. ಹಿಂದಿನ ಸೀಟಿನಿಂದ ಅತ್ತೆ ಕೇಳಿದರು, “ಆಗದು ಅಂದ್ರೆ ಎಂತದು ಮಾರಾಯ?”

“ಆಗೋದಿಲ್ಲ.”

“ಬಾರದು ಅಂದ್ರೆ?”

“ಬರೋದಿಲ್ಲ.”

“ಮತ್ತೆ ಅಮ್ಮಬಡದು ಅಂದ್ರೆ?”

ಇವರು ಫೋನು ಕೆಳಗಿಟ್ಟರು. ಮಾರಾಟಕ್ಕಿದ್ದರೆ ‘ಅಮ್ಮಬಡುನು’ ಅಂತಿರುತ್ತದೆ. ಮಾಲೀಕ ಊರಲ್ಲಿಲ್ಲದಾಗ ಇನ್ಯಾರೋ ಜಾಗ ಮಾರಿಬಿಡಬಾರದೆಂದು ‘ಅಮ್ಮಬಡದು’ ಎಂದು ಹಾಕುತ್ತಾರೆ. ನಮ್ಮನ್ನು ಅಂಥ ಇನ್ಯಾರೋ ಎಂದು ಆ ಮನುಷ್ಯ ತಿಳಿದಿದ್ದರು.

ಆಮೇಲೆ ಅಪ್ಪಣ್ಣನ ಪ್ರಸಂಗ. ಸಿಂಹಾಚಲದ ಬುಡದಲ್ಲಿ ಒಂದು ಜಾಗ, ಅಕ್ಕಪಕ್ಕದ ಅರ್ಧ ಬೆಲೆಗೆ. ಸೋವಿ ಯಾಕೆಂದರೆ “ಅದಿ ಅಪ್ಪನ್ನ ಸ್ಥಲಂ ಅಂಟುನ್ನಾರು, ಚಿನ್ನ ಪ್ರಾಬ್ಲಂ” ಎಂದು ಬ್ರೋಕರ್ ತಲೆ ಕೆರೆದುಕೊಂಡ. ಅತ್ತೆಗೆ ಉತ್ಸಾಹ ಬಂತು. “ಅಪ್ಪಣ್ಣನ ಜಾಗ ಆದ್ರೆ ಅಪ್ಪಣ್ಣನ ಹತ್ರಾನೇ ಮಾತಾಡುವ. ಮಧ್ಯ ಇವನು ಯಾಕೆ? ಅಪ್ಪಣ್ಣ ಮನೇಲಿ ಸಿಗ್ತಾನಾ?” ಅಪ್ಪಣ್ಣ ಮನೆಯಲ್ಲೇ ಇರುತ್ತಾನೆ, ಬೆಟ್ಟದ ಮೇಲೆ, ವರ್ಷಕ್ಕೊಂದು ದಿನ ಅಕ್ಷಯ ತದಿಗೆಗೆ ಬಿಟ್ಟರೆ ಉಳಿದೆಲ್ಲ ದಿನ ಗಂಧ ಮೆತ್ತಿಕೊಂಡು. ಸಿಂಹಾದ್ರಿ ಅಪ್ಪನ್ನ ಅಂದರೆ ಸಾಕ್ಷಾತ್ ವರಾಹ ಲಕ್ಷ್ಮೀನರಸಿಂಹ. ಬೆಟ್ಟದ ಸುತ್ತಿನ ಐದು ಊರುಗಳ ಜಾಗ ದೇವಸ್ಥಾನದ್ದೋ ಮನೆ ಕಟ್ಟಿಕೊಂಡವರದ್ದೋ ಎಂಬ ‘ಪಂಚಗ್ರಾಮ’ಗಳ ತಕರಾರು ದಶಕಗಳಿಂದ ಎಳೆಯುತ್ತಿದೆ. ನೋಂದಣಿ ನಿಷೇಧದ 22-ಎ ಪಟ್ಟಿಯಲ್ಲಿ ಸರ್ವೆ ನಂಬರ್ ಇದ್ದರೆ ಸಬ್‌ರಿಜಿಸ್ಟ್ರಾರ್ ಕಾಗದ ಮುಟ್ಟುವುದಿಲ್ಲ. ಅದೇ ಬೆಟ್ಟಕ್ಕೆ 1516ರಲ್ಲಿ ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯ ಬಂದು ಆಭರಣ ಅರ್ಪಿಸಿ ಶಾಸನ ಹಾಕಿಸಿದ ಎಂದು ಇವರು ಅಭಿಮಾನದಿಂದ ಹೇಳಿದರು. “ರಾಯರು ಬಂದು ಕೊಟ್ಟು ಹೋದ್ರು. ನೀನು ಬಂದು ದೇವರದ್ದೇ ತಗೊಳ್ಳಕ್ಕೆ ನೋಡ್ತೀಯ” ಎಂದು ಅತ್ತೆ ಕೆನ್ನೆ ಬಡಿದುಕೊಂಡರು.

ನೈರೋಬಿಯಲ್ಲಿರುವ ಇವರ ಚಿಕ್ಕಪ್ಪನ ಮಗ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಕ್ಕ. ಕೀನ್ಯಾದ 2010ರ ಸಂವಿಧಾನದ ಪ್ರಕಾರ ಹೊರದೇಶದವರಿಗೆ ಭೂಮಿ ಗೇಣಿಗೆ ಮಾತ್ರ, ಅದೂ 99 ವರ್ಷ ಮೀರುವಂತಿಲ್ಲ. “ನೀವು ಪುಣ್ಯವಂತರು, ಸ್ವಂತ ದೇಶ, ಎಲ್ಲಿ ಬೇಕಾದರೂ ಕೊಳ್ಳಬಹುದು” ಎಂದ. “ತೊಂಬತ್ತೊಂಬತ್ತು ಸಾಲದಾ ಅವನಿಗೆ? ಅವನಿಗೆ ಈಗಲೇ ಐವತ್ತೆಂಟು” ಅಂದರು ಅತ್ತೆ.

ಎಲ್ಲಿ ಬೇಕಾದರೂ ಎಂಬ ಮಾತನ್ನು ಇವರು ಅರಕುವರೆಗೆ ನಂಬಿದ್ದರು. ಕಿರಂದೂಲ್ ರೈಲಿನಲ್ಲಿ ಸುರಂಗದ ಮೇಲೆ ಸುರಂಗ ದಾಟಿ ಅರಕುವಿನಲ್ಲಿ ಇಳಿದಾಗ ಇವರ ಮುಖವೇ ಬದಲಾಯಿತು. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಕೂತು ಒಂದು ಹಿಡಿ ಮಣ್ಣು ತೆಗೆದು ಮೂಸಿದರು. “ನಮ್ಮ ಕೊಪ್ಪದ ಮಣ್ಣೇ” ಎಂದಾಗ ಗಂಟಲು ಕಟ್ಟಿತ್ತು. ಎರಡೇ ಎಕರೆ ಸಾಕು, ರಿಟೈರ್ ಆದ ಮೇಲೆ ಇಲ್ಲೇ ಎಂದರು. ನಮ್ಮ ಜೀಪಿನ ಡ್ರೈವರ್ ಮರಕ್ಕೆ ಒರಗಿ ನೋಡುತ್ತಿದ್ದವನು, “ಒನ್ ಆಫ್ ಸೆವೆಂಟಿ, ಸಾರ್” ಅಂದ.

“ಎಪ್ಪತ್ತರಲ್ಲಿ ಒಂದು ಪಾಲಾ? ಅಷ್ಟೇ ಆದರೂ ಸರಿ” ಅಂದರು ಇವರು.

ಪಾಲಲ್ಲ. 1970ರ 1ನೇ ರೆಗ್ಯುಲೇಷನ್. ಏಜೆನ್ಸಿ ಪ್ರದೇಶದ ಭೂಮಿ ಆದಿವಾಸಿಗಳ ಕೈಯಿಂದ ಹೊರಗೆ ಹೋಗುವಂತಿಲ್ಲ. ಆದಿವಾಸಿಯಲ್ಲದವನು ತನ್ನದೆಂದು ಹಿಡಿದುಕೊಂಡಿರುವ ಜಾಗವನ್ನೂ ತನ್ನಂಥವನಿಗೇ ಮಾರುವಂತಿಲ್ಲ. ಕೊಪ್ಪದವರಾದರೂ ಅಷ್ಟೆ, ಕಾಕಿನಾಡದವರಾದರೂ ಅಷ್ಟೆ. “ನೇನು ಗಾಜುವಾಕ, ಸಾರ್. ನಾಕೂ ರಾದು” ಎಂದ ಡ್ರೈವರ್. ನನಗೂ ಸಿಗುವುದಿಲ್ಲ. ಇವರಿಗೆ ಅದೆಷ್ಟು ಸಮಾಧಾನವಾಯಿತೆಂದರೆ, ಅವನಿಗೆ ಕಾಫಿ ಕೊಡಿಸಿ, ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತರು. ಆಂಧ್ರದಲ್ಲಿ ಮೊದಲ ಸಲ ಒಬ್ಬ ಜೊತೆಗಾರ ಸಿಕ್ಕಿದ್ದ. ನನ್ನ ಕೇಳಿದರೆ ಈ ದೇಶದಲ್ಲಿ ಮನುಷ್ಯರಿಗೆ ಅರ್ಥವಾಗುವಂತೆ ಬರೆದ ಭೂಕಾನೂನು ಅದೊಂದೇ.

ಕನ್ನಡಿಗನಿಗೆ ಈ ಕಡೆ ಜಮೀನು ಸಲೀಸಾಗಿ ದಕ್ಕಿದ್ದು 7ನೇ ಶತಮಾನದಲ್ಲಿ. ಬಾದಾಮಿಯ ಇಮ್ಮಡಿ ಪುಲಕೇಶಿ ವೆಂಗಿಯನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನ ಕೈಗಿಟ್ಟ. ಇಸಿ ಇಲ್ಲ, ಲಿಂಕ್ ಡಾಕ್ಯುಮೆಂಟ್ ಇಲ್ಲ. ತಮ್ಮ ವಾಪಸ್ ಬರಲಿಲ್ಲ, ಅವನ ಮನೆತನ ಅಲ್ಲೇ ತೆಲುಗಾಯಿತು. ಬದಲಿಗೆ ವೆಂಗಿಪಳುವಿನ ಮೂಲದ ಪಂಪ ನಮಗೆ ಸಿಕ್ಕಿದ. ಲೆಕ್ಕ ಹಾಕಿದರೆ ಲಾಭ ನಮಗೇ. ಕಥೆ ಕೇಳಿ ಅತ್ತೆ, “ಅಣ್ಣ ಅಂದ್ರೆ ಹಾಗಿರಬೇಕು” ಎಂದು ನಿಟ್ಟುಸಿರು ಬಿಟ್ಟರು. ನಮ್ಮ ಭಾವನವರಂತೂ ತೋಟದ ಹಿಸ್ಸೆಯ ಮಾತೆತ್ತಿದರೆ ಕೊಳೆರೋಗ ಎನ್ನುತ್ತಾರೆ, ಬೇಸಿಗೆಯಲ್ಲೂ.

ಹೀಗೆ ಹತ್ತು ವರ್ಷ ದಾಟಿತು, ನಾವಿನ್ನೂ ಎಂವಿಪಿ ಕಾಲೊನಿಯ ಬಾಡಿಗೆ ಮನೆಯಲ್ಲಿದ್ದೇವೆ. ಮೊನ್ನೆ ಪಕ್ಕದ ಮನೆಯ ಪಿನ್ನಿಗಾರು ಒಂದು ತಟ್ಟೆ ಪೂತರೇಕುಲು, ಒಂದು ಕಾಗದ ಹಿಡಿದು ಬಂದರು. ಬೆಂಗಳೂರಿನಲ್ಲಿರುವ ಮಗ ವರ್ತೂರಿನ ಕಡೆ ಫ್ಲ್ಯಾಟ್ ಕೊಂಡಿದ್ದಾನೆ, ಕಾಗದವೆಲ್ಲ ಕನ್ನಡದಲ್ಲಿದೆ, ಎ ಖಾತಾನಾ ಬಿ ಖಾತಾನಾ ನೋಡಿ ಹೇಳಮ್ಮ ಅಂದರು. ನಾನು ಕನ್ನಡಕ ಹುಡುಕುತ್ತಿದ್ದೆ. ಅಡುಗೆಮನೆಯಿಂದ ಬಂದ ಅತ್ತೆ ಕಾಗದ ನೋಡಿ, ತಮ್ಮ ಪಾಡಿಗೆ, “ಎಂತ?” ಅಂದರು.

“ಕೋಟಿ ಮುಪ್ಪೈ ಲಕ್ಷಲು ಅಂಡಿ” ಅಂದರು ಪಿನ್ನಿಗಾರು, ತುಸು ನಾಚಿ.

ಅತ್ತೆ ಅವರ ಮುಖ ನೋಡಿದರು. “ಎಂತ?”

“ರಿಜಿಸ್ಟ್ರೇಷನ್ ಕಾಕುಂಡಾ... ಕೋಟಿ ಇರವೈ” ಅಂದರು ಪಿನ್ನಿಗಾರು.