ಗ್ರಹಚತುಷ್ಟಯ ವಾಯುದಾಯ ವಿಭಾಗ ನಿರ್ಣಯ

ಬುಧ, ಶುಕ್ರ, ಭೂಮಿ, ಅಂಗಾರಕ ಎಂಬ ನಾಲ್ಕು ಶಿಲಾಮಯ ಗ್ರಹಗಳು ಸುಮಾರು 450 ಕೋಟಿ ವರ್ಷಗಳ ಹಿಂದೆ ಒಂದೇ ನೀಹಾರಿಕೆಯಿಂದ ಜನಿಸಿದ ಒಡಹುಟ್ಟುಗಳೆಂಬುದರಲ್ಲಿ ವಿದ್ವಾಂಸರಿಗೆ ವಿವಾದವಿಲ್ಲ. ಹೀಗಿರಲಾಗಿ, ಭೂಮಿಯ ಸಮುದ್ರಮಟ್ಟದ ವಾಯುಭಾರವನ್ನು ಒಂದು ಪಾಲೆಂದು ಎಣಿಸಿದರೆ ಶುಕ್ರನ ನೆಲದ ಮೇಲೆ ತೊಂಬತ್ತಕ್ಕೂ ಮಿಕ್ಕ ಪಾಲುಗಳು ರಾಶಿಬಿದ್ದಿರುವುದೂ, ಅಂಗಾರಕನಲ್ಲಿ ಆ ಒಂದು ಪಾಲಿನ ನೂರನೆಯ ಅಂಶವೂ ಉಳಿಯದಿರುವುದೂ, ಬುಧನಲ್ಲಿ ಇರುವುದನ್ನು ವಾಯುವೆಂದು ಕರೆಯಲು ನಾಲಗೆಯೇ ಏಳದಿರುವುದೂ ಯಾವ ನ್ಯಾಯ? ಈ ಪ್ರಶ್ನೆಯನ್ನು ಇದುವರೆಗೆ ಭೌತಶಾಸ್ತ್ರಜ್ಞರ ವಶಕ್ಕೆ ಬಿಟ್ಟದ್ದೇ ಮೊದಲನೆಯ ಪ್ರಮಾದ. ಒಂದೇ ಮನೆಯಲ್ಲಿ ಹುಟ್ಟಿದವರ ಆಸ್ತಿಯಲ್ಲಿ ಇಷ್ಟು ತಾರತಮ್ಯ ಕಂಡುಬಂದರೆ ಅದು ದಾಯವಿಭಾಗದ ವ್ಯಾಜ್ಯವೇ ಹೊರತು ಮತ್ತೊಂದಲ್ಲವೆಂಬುದು, ಮುನ್ಸೀಫ್ ಕೋರ್ಟಿನ ಜಗುಲಿಯಲ್ಲಿ ಒಂದು ಮಧ್ಯಾಹ್ನ ಕುಳಿತೆದ್ದ ಯಾರಿಗಾದರೂ ವೇದ್ಯವಾಗತಕ್ಕ ಸಂಗತಿ.

ಪ್ರಮಾಣಗ್ರಂಥಗಳು ಎರಡು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲಕ್ಕೆ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಒಂದು. ಬಂಗಾಳದ ಜೀಮೂತವಾಹನನ ದಾಯಭಾಗ ಇನ್ನೊಂದು. ತಂದೆಯ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಮೊದಲನೆಯದರ ಮತ. ತಂದೆ ಗತಿಸಿದ ಮೇಲೆಯೇ ಹಕ್ಕೆಂದು ಎರಡನೆಯದರದು. ಇವೆರಡರಲ್ಲೂ ಆಕಾಶಕಾಯಗಳ ಪ್ರಸ್ತಾಪವಿಲ್ಲವೆಂಬ ಆಕ್ಷೇಪ ಬರಬಹುದು. ಗ್ರಹಗಳಿಗೆ ಇದು ಅನ್ವಯಿಸತಕ್ಕದ್ದಲ್ಲವೆಂಬ ವಚನವೂ ಇಲ್ಲವಷ್ಟೆ. ಶಾಸ್ತ್ರವು ನಿಷೇಧಿಸದ್ದನ್ನೆಲ್ಲ ಸಮ್ಮತಿಸಿತೆಂದು ತಿಳಿಯುವುದು ವಕೀಲವೃತ್ತಿಯ ಸನಾತನ ಸಂಪ್ರದಾಯ. ಇನ್ನು, ಭೂಮಿಯು ಹೆಣ್ಣಾದ್ದರಿಂದ ಅವಳಿಗೆ ಸಮಾಂಶವೆಲ್ಲಿಯದೆಂದು ಕೇಳುವವರು, ಹೆಣ್ಣುಮಕ್ಕಳಿಗೂ ಜನ್ಮತಃ ಪಾಲು ಕೊಟ್ಟ 1994ರ ಕರ್ನಾಟಕದ ತಿದ್ದುಪಡಿಯನ್ನೂ 2005ರ ಕೇಂದ್ರದ ತಿದ್ದುಪಡಿಯನ್ನೂ ಓದಿಕೊಂಡು ಬರತಕ್ಕದ್ದು.

ಕುಟುಂಬದ ಸ್ವರೂಪವನ್ನು ಅರಿಯದೆ ವಿಭಾಗವನ್ನು ಅರಿಯಲಾಗದು. ತಂದೆ ನೀಹಾರಿಕೆ, ಅವನ ಸಂಪತ್ತಿನಲ್ಲಿ ನೂರಕ್ಕೆ ಸುಮಾರು 98 ಪಾಲು ಜಲಜನಕ ಮತ್ತು ಹೀಲಿಯಂ. ಹಿರಿಯ ಮಗ ಸೂರ್ಯ. ಜ್ಯೇಷ್ಠನಿಗೆ ಇಪ್ಪತ್ತರಲ್ಲೊಂದು ಅಂಶವನ್ನು ಹೆಚ್ಚಾಗಿ ಕೊಡಬಹುದೆಂದು ಮನು ಹೇಳಿದ್ದನ್ನೇ ವಿಜ್ಞಾನೇಶ್ವರನು ಲೋಕವಿರುದ್ಧವೆಂದು ಆಚರಣೆಯಿಂದ ದೂರವಿರಿಸಿದನು. ಈ ಜ್ಯೇಷ್ಠನಾದರೋ ಮನೆತನದ ಒಟ್ಟು ದ್ರವ್ಯದಲ್ಲಿ ನೂರಕ್ಕೆ 99.86 ಪಾಲನ್ನು ತಾನೇ ನುಂಗಿ, ಉಳಿದ ಚೂರಿನಲ್ಲಿ ಬಹುಭಾಗವನ್ನು ಗುರು ಶನಿಗಳಿಗೆ ಬಿಟ್ಟು, ಒಳಮನೆಯ ನಾಲ್ವರಿಗೆ ಕಲ್ಲನ್ನೂ ಕಬ್ಬಿಣವನ್ನೂ ಹಂಚಿ, ಅಂದಿನಿಂದ ಇಂದಿನವರೆಗೆ ಯಜಮಾನನ ಪೀಠದಲ್ಲಿ ಎಲ್ಲರ ಕಣ್ಣು ಕೋರೈಸುತ್ತ ಕುಳಿತಿರುವನು.

ಇಲ್ಲಿ ಪೂರ್ವಪಕ್ಷ. ತಂದೆಯು ಬದುಕಿದ್ದ ಕೆಲವು ದಶಲಕ್ಷ ವರ್ಷಗಳಲ್ಲಿಯೇ ಬೆಳೆಯತೊಡಗಿದ್ದ ಗ್ರಹಶಿಶುಗಳು ತಮ್ಮ ಗುರುತ್ವಕ್ಕೆ ದಕ್ಕಿದಷ್ಟು ಜಲಜನಕವನ್ನೂ ಹೀಲಿಯಮ್ಮನ್ನೂ ಜನ್ಮಸ್ವತ್ವದಿಂದ ಪಡೆದವೆಂದೂ, ಇದೇ ಅವುಗಳ ಪ್ರಥಮ ವಾತಾವರಣವೆಂದೂ ಮಿತಾಕ್ಷರಪಕ್ಷದ ಖಗೋಳಜ್ಞರು ಹೇಳುತ್ತಾರೆ. ಪಡೆದವೆಂದೇ ಇಟ್ಟುಕೊಳ್ಳೋಣ, ಆ ಪಿತ್ರಾರ್ಜಿತ ಈಗೆಲ್ಲಿ? ಕಟಕಟೆಯನ್ನೇರಬೇಕಾದ ಸಾಕ್ಷಿ ನಿಯಾನ್. ವಿಶ್ವದಲ್ಲಿ ನಿಯಾನ್ ಹೆಚ್ಚುಕಡಮೆ ಸಾರಜನಕದಷ್ಟೇ ಉಂಟು. ಯಾವ ಧಾತುವಿನೊಡನೆಯೂ ಸಂಬಂಧ ಬೆಳೆಸದ ವಿರಕ್ತನಾದುದರಿಂದ ಕಲ್ಲಿನಲ್ಲಿಯೋ ನೀರಿನಲ್ಲಿಯೋ ಅಡಗಿರುವನೆಂದು ಶಂಕಿಸುವಂತೆಯೂ ಇಲ್ಲ. ತಂದೆಯ ಗಂಟು ಉಳಿದಿದ್ದರೆ ನಮ್ಮ ಗಾಳಿಯಲ್ಲಿ ಇವರಿಬ್ಬರೂ ಸರಿಸಮನಾಗಿರಬೇಕಾಗಿತ್ತು. ಸಾರಜನಕ ನೂರಕ್ಕೆ 78 ಪಾಲು. ನಿಯಾನ್ ಹತ್ತು ಲಕ್ಷಕ್ಕೆ ಹದಿನೆಂಟು! 1949ರಲ್ಲಿ ಹ್ಯಾರಿಸನ್ ಬ್ರೌನ್, ಹ್ಯಾನ್ಸ್ ಸ್ಯೂಸ್ ಎಂಬಿಬ್ಬರು ಬೇರೆಬೇರೆಯಾಗಿ ಈ ಲೆಕ್ಕವನ್ನು ಬಿಚ್ಚಿಟ್ಟ ಮೇಲೆ, ಪಿತ್ರಾರ್ಜಿತವು ಏನಿದ್ದರೂ ಕೈಬಿಟ್ಟುಹೋಯಿತೆಂಬುದು ಇತ್ಯರ್ಥವಾಯಿತು.

ಹೋದ ಬಗೆಯೂ ಗೂಢವಲ್ಲ. ಒಂದೇ ಉಷ್ಣತೆಯಲ್ಲಿರುವ ಅಣುಗಳಲ್ಲಿ ಹಗುರವಾದವು ಚುರುಕು, ಅವುಗಳಲ್ಲಿಯೂ ಕೆಲವು ಅತಿಚುರುಕು. ಭೂಮಿಯಿಂದ ಬಿಡುಗಡೆ ಹೊಂದಲು ಸೆಕೆಂಡಿಗೆ 11.2 ಕಿಲೋಮೀಟರು, ಅಂಗಾರಕನಿಂದಾದರೆ ಬರಿಯ 5 ಕಿಲೋಮೀಟರು ವೇಗ ಸಾಕಾಗಿರುವುದರಿಂದ, ವಾಯುವಿನ ತುತ್ತತುದಿಯಲ್ಲಿ ಆ ವೇಗವನ್ನು ಮುಟ್ಟಿದ ಅಣುವು ಹೊಸ್ತಿಲು ದಾಟಿದರೆ ಮರಳಿ ಬರುವುದಿಲ್ಲ. ಜೇಮ್ಸ್ ಜೀನ್ಸನ ಹೆಸರಿನಿಂದ ಪ್ರಸಿದ್ಧವಾದ ಪಲಾಯನವಿದು. ಇದರ ಜೊತೆಗೆ ಯೌವನದಲ್ಲಿದ್ದ ಜ್ಯೇಷ್ಠಭ್ರಾತೃವು ಉಗ್ರವಾದ ಅತಿನೇರಳೆ ಕಿರಣಗಳಿಂದ ತಮ್ಮಂದಿರ ಗಾಳಿಯನ್ನು ಕಾಯಿಸಿ, ಸೌರಮಾರುತದಿಂದ ಗುಡಿಸಿ, ಮನೆಯಿಂದಾಚೆಗೆ ಅಟ್ಟಿದನು. ಬರಿಗೈಯಾದ ತಮ್ಮಂದಿರು ದುಡಿಯದೆ ಗತ್ಯಂತರವಿರಲಿಲ್ಲ.

ಆದುದರಿಂದ ಸಿದ್ಧಾಂತ ಇಂತು: ಇಂದು ಕಾಣುವ ವಾತಾವರಣಗಳೆಲ್ಲ ಸ್ವಯಾರ್ಜಿತ. ಹೊಟ್ಟೆಯೊಳಗಣ ಕಲ್ಲು ಕರಗಿ ಕುದಿದು, ಜ್ವಾಲಾಮುಖಿಗಳ ಬಾಯಿಂದ ನೀರಾವಿಯೂ, ಇಂಗಾಲದ ಡೈಆಕ್ಸೈಡೂ (ಹಿರಿಯರು ಇದನ್ನು ಇಂಗಾಲಾಮ್ಲವೆನ್ನುತ್ತಿದ್ದರು, ವ್ಯಾಜ್ಯದ ಕಾಗದಗಳಲ್ಲಿ ಹಳೆಯ ಹೆಸರೇ ಚೆಂದ), ಸಾರಜನಕವೂ ಹೊರಬಂದವು, ಕ್ಷುದ್ರಗ್ರಹಗಳು ಬಂದು ಬಡಿದಾಗ ತಂದ ನೀರನ್ನು ದಾನಲಬ್ಧವೆಂದು ಪ್ರತ್ಯೇಕ ನಮೂದಿಸಬಹುದು. ಈ ದುಡಿಮೆಗೆ ದಾಖಲೆ ಬೇಕಾದವರು ಆರ್ಗಾನನ್ನು ವಿಚಾರಿಸಲಿ. ನಮ್ಮ ಗಾಳಿಯ ನೂರಕ್ಕೆ 0.93 ಪಾಲಾಗಿರುವ ಈ ಅನಿಲವು ಬಹುತೇಕ ಎಲ್ಲವೂ ಬಂಡೆಗಳಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ ಕೋಟ್ಯಂತರ ವರ್ಷ ಕ್ಷಯಿಸಿ ಹುಟ್ಟಿದ್ದು. ಪಿತ್ರಾರ್ಜಿತದ ಸೋಂಕೇ ಇಲ್ಲದ ಶುದ್ಧ ಸಂಪಾದನೆ!

ಬುಧನ ದಾವೆಯನ್ನು ವಿಸ್ತಾರವಾಗಿ ವಿಚಾರಿಸುವುದು ಕಾಲಹರಣ. ಗುರುತ್ವ ಅಲ್ಪ, ಅಣ್ಣನ ಸಾಮೀಪ್ಯ ಅತಿಯಾದುದು. ಸೌರಮಾರುತವೂ ಉಲ್ಕಾಕಣಗಳೂ ನೆಲಕ್ಕೆ ತಾಗಿ ಎಬ್ಬಿಸಿದ ಸೋಡಿಯಂ ಮುಂತಾದ ಕೆಲವು ಪರಮಾಣುಗಳು ಒಂದನ್ನೊಂದು ಸಂಧಿಸದೆ ಅಲೆಯುವುದನ್ನು ವಾತಾವರಣವೆನ್ನುವುದಾದರೆ, ಸೋಡಿಯಂ ಪತ್ತೆಯಾದ 1985ರಿಂದ ಅವನೂ ಆಸ್ತಿವಂತನೇ. ವಜಾ.

ಶುಕ್ರನ ಸಂಗತಿ ಹೀಗಲ್ಲ. ಆಕಾರದಲ್ಲಿಯೂ ತೂಕದಲ್ಲಿಯೂ ಭೂಮಿಗೆ ಅವಳಿಯಂತಿರುವ ಇವನು ದುಡಿದುದೂ ಹೆಚ್ಚುಕಡಮೆ ಅವಳಷ್ಟೇ. ಭೇದವಿದ್ದುದು ಅಣ್ಣನ ಕಡೆಯಿಂದ ಸುಮಾರು ಎರಡರಷ್ಟು ಬಿಸಿಲು ಬೀಳುತ್ತಿದ್ದುದರಲ್ಲಿ. ಎಂದಾದರೂ ಅಲ್ಲಿ ಸಾಗರವಿದ್ದಿತಾದರೆ ಅದು ಆವಿಯಾಯಿತು. ಆವಿಯು ಶಾಖವನ್ನು ತಡೆಹಿಡಿಯಿತು. ಶಾಖವು ಮತ್ತಷ್ಟು ಆವಿಯನ್ನೆಬ್ಬಿಸಿತು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ. ಮೇಲೇರಿದ ನೀರಾವಿಯನ್ನು ಅತಿನೇರಳೆ ಕಿರಣಗಳು ಒಡೆದಾಗ ಹಗುರವಾದ ಜಲಜನಕ ಓಡಿಹೋಗಿ, ಅದರ ಸ್ಥೂಲಕಾಯದ ದಾಯಾದಿಯಾದ ಡ್ಯೂಟೀರಿಯಂ ಹಿಂದುಳಿಯಿತು. 1978ರಲ್ಲಿ ಅಮೆರಿಕದ ಪಯೊನೀರ್ ನೌಕೆ ಅಳೆದಾಗ ಅದರ ಪ್ರಮಾಣ ಭೂಮಿಯಲ್ಲಿರುವುದರ ನೂರ್ಮಡಿಯನ್ನೂ ಮೀರಿತ್ತು. ಕಾಣೆಯಾದ ಜಲರಾಶಿಗೆ ಇದಕ್ಕಿಂತ ಬಲವಾದ ಪಂಚನಾಮೆ ಬೇಕೆ? ನೀರು ಹೋದ ಮೇಲೆ ಇಂಗಾಲಾಮ್ಲವನ್ನು ಕಲ್ಲಿನಲ್ಲಿ ಕೂಡಿಡುವ ಮಾರ್ಗವೂ ಮುಚ್ಚಿತು. ಅವನ ವಾಯುವಿನಲ್ಲಿ ನೂರಕ್ಕೆ 96.5 ಪಾಲು ಅದೇ. ಈಗ ನೆಲದ ಉಷ್ಣತೆ 460 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಸೀಸ ಕರಗಲು 327 ಸಾಕು. ಸೂರ್ಯನಿಗೆ ಹತ್ತಿರದ ಬುಧನಿಗಿಂತ ದೂರದ ಶುಕ್ರನೇ ಹೆಚ್ಚು ಬೇಯುತ್ತಿರುವುದಕ್ಕೆ ಆಸ್ತಿಯೇ ಕಾರಣ. ಗಂಧಕಾಮ್ಲದ ಮೋಡಗಳು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ತಳ್ಳಿದರೂ, ಒಳಬಂದ ಅಲ್ಪಶಾಖಕ್ಕೆ ಹೊರಹೋಗುವ ದಾರಿ ದುರ್ಗಮ. ಆ ಮೋಡಗಳಿಂದ ಆಮ್ಲದ ಮಳೆಯೇನೋ ಸುರಿಯುತ್ತದೆ. ನೆಲವನ್ನು ಮುಟ್ಟುವ ಎಷ್ಟೋ ಮೊದಲೇ ಆವಿಯಾಗಿ ಮೇಲಕ್ಕೆ ಮರಳುತ್ತದೆ.

ಅವನ ನಡವಳಿಕೆಯೂ ವಿಲಕ್ಷಣ. ಗ್ರಹವು ತನ್ನ ಅಕ್ಷದ ಮೇಲೆ ಒಂದು ಸುತ್ತು ಹಾಕಲು 243 ದಿನ ಹಿಡಿದರೆ, ಮೇಲಣ ಮೋಡಗಳು ನಾಲ್ಕೇ ದಿನಗಳಲ್ಲಿ ಅದನ್ನು ಪ್ರದಕ್ಷಿಣೆ ಮಾಡಿ ಮುಗಿಸುತ್ತವೆ. ಯಜಮಾನ ಆಕಳಿಸುವಷ್ಟರಲ್ಲಿ ಆಳು ಊರು ಸುತ್ತಿ ಬಂದಂತೆ. ಬಿಸಿಲಿನ ತಾಪದಿಂದೇಳುವ ವಾಯುವಿನ ಉಬ್ಬರವಿಳಿತಗಳು ಈ ಓಟಕ್ಕೆ ಒತ್ತಾಸೆ ಕೊಡುತ್ತವೆಂದು ಜಪಾನಿನ ಅಕಾತ್ಸುಕಿ ನೌಕೆಯ ಚಿತ್ರಗಳಿಂದ ತಿಳಿದಿದೆ. ನೆಲದ ಬಳಿಯಲ್ಲಾದರೋ ಅದೇ ವಾಯು ತೆವಳುತ್ತದೆ. ಸ್ಥಳತನಿಖೆಗಾಗಿ ಸೋವಿಯತ್ ದೇಶವು ಕಳುಹಿಸಿದ ಅಮೀನರಲ್ಲಿ, 1970ರ ಡಿಸೆಂಬರಿನಲ್ಲಿ ನೆಲಮುಟ್ಟಿದ ವೆನೆರಾ 7 ಇಪ್ಪತ್ತಮೂರು ನಿಮಿಷ ಕ್ಷೀಣವಾಗಿ ಉಸುರಿ ಮೌನವಾಯಿತು; 1982ರ ವೆನೆರಾ 13 ಎರಡು ತಾಸಿಗೆ ಏಳು ನಿಮಿಷ ಹೆಚ್ಚಾಗಿ ಬದುಕಿ, ಅಮೀನವರ್ಗದಲ್ಲಿ ದೀರ್ಘಾಯುವೆನಿಸಿತು. ಮುಂದಿನ ತನಿಖೆಗೆ ಹೋಗುವವರಿಗೆ ಪ್ರಯಾಣಭತ್ಯೆಯನ್ನು ಮುಂಗಡವಾಗಿಯೇ ಕೊಡತಕ್ಕದ್ದು.

ಶುಕ್ರನು ಬಯಲಲ್ಲಿ ಹರಡಿಕೊಂಡು ಬೇಯುತ್ತಿರುವಷ್ಟೇ ಇಂಗಾಲಾಮ್ಲ ಹೆಚ್ಚುಕಡಮೆ ಭೂಮಿಯ ಪಾಲಿಗೂ ಬಂದಿದೆಯೆಂದರೆ ಲೋಕರು ನಂಬುವುದು ಕಷ್ಟ. ಭೂದೇವಿಯು ಅದನ್ನು ಕಲ್ಲಿನಲ್ಲಿ ನಿಕ್ಷೇಪವಿಟ್ಟಳು. ಮಳೆಯು ಇಂಗಾಲಾಮ್ಲವನ್ನು ಕರಗಿಸಿಕೊಂಡು ಬಂಡೆಗಳನ್ನು ಮೆಲ್ಲನೆ ಸವೆಸುತ್ತದೆ. ಸವೆದ ಸುಣ್ಣಾಂಶ ನದಿಗಳೊಡನೆ ಕಡಲು ಸೇರುತ್ತದೆ. ಅಲ್ಲಿ ಚಿಪ್ಪಾಗಿ, ಕೆಸರಾಗಿ, ಸುಣ್ಣಕಲ್ಲಾಗಿ ಕೂರುತ್ತದೆ. ಯುಗಾಂತರದಲ್ಲಿ ನೆಲದಾಳಕ್ಕೆ ಜಾರಿ, ಬೆಂದು, ಜ್ವಾಲಾಮುಖಿಯ ಮೂಲಕ ಚಲಾವಣೆಗೆ ಮರಳುತ್ತದೆ. ಇದರಲ್ಲಿ ಸೊಗಸೇನೆಂದರೆ, ಸೆಕೆ ಹೆಚ್ಚಿದರೆ ಮಳೆಯೂ ಸವೆತವೂ ಹೆಚ್ಚಿ ಇಂಗಾಲಾಮ್ಲ ಇಳಿಯುವುದು, ಚಳಿ ಹೆಚ್ಚಿದರೆ ಸವೆತ ಕುಗ್ಗಿ ಅದು ಏರುವುದು. ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು 1981ರಲ್ಲಿ ಪ್ರತಿಪಾದಿಸಿದ ಈ ಗೃಹಕೃತ್ಯದಲ್ಲಿ ಒಂದೇ ದೋಷ: ಲಕ್ಷಾಂತರ ವರ್ಷಗಳಿಗೆ ಕಡಮೆ ಅವಧಿಯ ಯಾವ ಅರ್ಜಿಯನ್ನೂ ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಶುದ್ಧವಾದ ಸುಣ್ಣಕಲ್ಲಿನ ತೂಕದಲ್ಲಿ ನೂರಕ್ಕೆ 44 ಪಾಲು ಇಂಗಾಲಾಮ್ಲವೇ. ಮಿತಾಕ್ಷರಾ ಹುಟ್ಟಿದ ಕಲ್ಯಾಣಕ್ಕೆ ತೀರ ದೂರವಲ್ಲದ ಕಲಬುರಗಿ ಸೀಮೆಯ ಶಹಾಬಾದಿ ಕಲ್ಲು ಇಂಥ ನಿಕ್ಷೇಪ. ಆ ಚಪ್ಪಡಿ ಹಾಸಿದ ನಡುಮನೆಯಲ್ಲಿ ಬೇಸಗೆಯ ಮಧ್ಯಾಹ್ನ ಅಂಗಾತ ಮಲಗಿ ಬೆನ್ನು ತಂಪುಮಾಡಿಕೊಳ್ಳುವ ಗೃಹಸ್ಥರು, ತಾವು ಶುಕ್ರನ ಆಕಾಶದಂಥದೊಂದರ ಮೇಲೆ ಪವಡಿಸಿರುವೆವೆಂಬುದನ್ನು ಅರಿಯರು. ಅದೇ ಸೀಮೆಯ ಸಿಮೆಂಟು ಗೂಡುಗಳಲ್ಲಿ ಅದೇ ಸುಣ್ಣಕಲ್ಲನ್ನು ಸುಟ್ಟು, ಠೇವಣಿಯನ್ನು ಅವಧಿಗೆ ಮುನ್ನ ಒಡೆಯುವ ವ್ಯವಹಾರವೂ ನಡೆಯುತ್ತಿದೆ. ಕಲ್ಲಿದ್ದಲು, ಎಣ್ಣೆಗಳೆಂಬ ಬೇರೆ ಖಾತೆಗಳಿಂದ ತೆಗೆದುದು ಇದಕ್ಕಿಂತ ಎಷ್ಟೋ ಹೆಚ್ಚು. ಚಾರ್ಲ್ಸ್ ಕೀಲಿಂಗನು 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಲೆಕ್ಕ ಬರೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಇದ್ದ ಇಂಗಾಲಾಮ್ಲ ಈಗ 420ನ್ನು ದಾಟಿದೆ. ಹಣ ತೆಗೆದವರಾರೂ ನಿಕ್ಷೇಪದಾರಳ ರುಜು ಪಡೆದಂತೆ ಕಾಣೆ.

ಅಂಗಾರಕನದು ಕರುಣಾಜನಕ. ಒಂದು ಕಾಲಕ್ಕೆ ಅವನೂ ಸ್ಥಿತಿವಂತ. ನದಿ ಹರಿದ ಪಾತ್ರಗಳು ಇಂದಿಗೂ ಒಣಗಿ ಬಿದ್ದಿವೆ. ಭೂಮಿಯ ಹತ್ತರಲ್ಲೊಂದು ತೂಕದ ಮೈ ಬೇಗ ತಣಿದು, ಒಡಲೊಳಗಣ ಅಯಸ್ಕಾಂತ ಆರಿ, ಸೌರಮಾರುತಕ್ಕೆ ಬಾಗಿಲು ತೆರೆಯಿತೆಂದು ಸಾಮಾನ್ಯವಾಗಿ ಹೇಳುವರು. ಈ ವಾದವನ್ನು ನಾನು ಅರ್ಧಮನಸ್ಸಿನಿಂದ ಮಾತ್ರ ಒಪ್ಪುತ್ತೇನೆ; ಏಕೆಂದರೆ ಶುಕ್ರನಿಗೂ ಸ್ವಂತ ಕಾಂತಕವಚವಿಲ್ಲ, ಆದರೂ ಅವನ ಭಂಡಾರ ತುಂಬಿದೆ. ಗುರುತ್ವದ ಬಡತನವೇ ಹೆಚ್ಚಿನ ಕಾರಣವಿರಬೇಕು. 1965ರಲ್ಲಿ ಮ್ಯಾರಿನರ್ 4 ನೌಕೆ ಬಳಿಸಾರುವ ಮುನ್ನ ಬಹುಕಾಲ ಅವನಲ್ಲಿ 85 ಮಿಲಿಬಾರಿನಷ್ಟು ವಾಯುಭಾರವಿದೆಯೆಂದು ಪಂಡಿತರು ನಂಬಿದ್ದರು; ಕಂಡುದು ಐದಾರು. ಇಷ್ಟರಲ್ಲಿಯೂ ನಾಲ್ಕರಲ್ಲೊಂದು ಪಾಲು ಚಳಿಗಾಲದಲ್ಲಿ ಧ್ರುವದ ಮೇಲೆ ಹೆಪ್ಪುಗಟ್ಟಿ ನೆಲಕ್ಕೆ ಬಿದ್ದು, ಬೇಸಗೆಯಲ್ಲಿ ಆವಿಯಾಗಿ ಏಳುತ್ತದೆ. ವರ್ಷದಲ್ಲಿ ಕೆಲವು ತಿಂಗಳು ತನ್ನ ವಾತಾವರಣವನ್ನೇ ಹಾಸಿ ಮಲಗುವ ಗೃಹಸ್ಥ ನಾಲ್ವರಲ್ಲಿ ಇವನೊಬ್ಬನೇ.

2014ರ ಸೆಪ್ಟೆಂಬರಿನಲ್ಲಿ ಇವನ ಬಾಗಿಲಿಗೆ ಎರಡು ದಿನಗಳ ಅಂತರದಲ್ಲಿ ಇಬ್ಬರು ತನಿಖಾಧಿಕಾರಿಗಳು ಬಂದರು: ಅಮೆರಿಕದ ಮೇವೆನ್ ಮತ್ತು ಬೆಂಗಳೂರಿನಿಂದ ಆಜ್ಞೆ ಪಡೆಯುತ್ತಿದ್ದ, ಬ್ಯಾಲಾಳಿನ ಆಂಟೆನಾಗಳಿಗೆ ಓಗೊಡುತ್ತಿದ್ದ ನಮ್ಮ ಮಂಗಳಯಾನ. ಮಂಗಳಯಾನವು ಮೆಂಕಾ ಎಂಬ ಉಪಕರಣದಿಂದ ವಾಯುವಿನ ಹೊರಪದರವನ್ನು ಮೂಸಿ ನೋಡಿತು. ಮೇವೆನ್ ಆರ್ಗಾನಿನ ಹಗುರ ಭಾರಗಳ ತಾರತಮ್ಯವನ್ನು ಅಳೆದು, ಆ ಅನಿಲದ ಮೂರರಲ್ಲಿ ಎರಡು ಪಾಲಿನಷ್ಟು ಈಗಾಗಲೇ ಸೋರಿಹೋಗಿದೆಯೆಂದು ವರದಿಯಿತ್ತಿತು. ಅಂಗಾರಕನ ಪರವಾಗಿ ಒಂದು ತಕರಾರು ಇನ್ನೂ ಉಳಿದಿದೆ: ತಾನು ಭೂಮಿಪುತ್ರನೆಂದು ಪುರಾಣಗಳು ಹೇಳುವುದರಿಂದ ತಾಯಿಯ ಸ್ತ್ರೀಧನದಲ್ಲಿ ತನಗೆ ಭಾಗ ಬೇಕಂತೆ. ಸ್ತ್ರೀಧನದಲ್ಲಿ ಮಗಳಿಗೆ ಮೊದಲ ಹಕ್ಕೆಂದು ವಿಜ್ಞಾನೇಶ್ವರನು ಹೇಳಿರುವುದೊಂದು. ಮೊದಲಲ್ಲಿ ತಮ್ಮನೆಂದು ದಾವೆ ಹೂಡಿ ನಡುವೆ ಮಗನೆಂದು ಅರ್ಜಿ ತಿದ್ದುವುದು ವಿಚಾರಣಾಕ್ರಮಕ್ಕೆ ವಿರುದ್ಧವೆಂಬುದು ಇನ್ನೊಂದು.

ಇನ್ನುಳಿದುದು ಭೂಮಿಯ ಆಮ್ಲಜನಕ. ನೂರಕ್ಕೆ 21 ಪಾಲಿರುವ ಇದು ಪಿತ್ರಾರ್ಜಿತವಲ್ಲ. ಯಾವ ಜ್ವಾಲಾಮುಖಿಯೂ ಉಗುಳಿದ್ದಲ್ಲವಾದ್ದರಿಂದ ಭೂಮಿಯ ಸ್ವಯಾರ್ಜಿತವೂ ಅಲ್ಲ. ಅವಳ ನೀರಿನಲ್ಲಿ ಬಿಸಿಲು ತಿಂದು ಬದುಕಿದ ನೀಲಿಹಸಿರು ಪಾಚಿಗಳೆಂಬ ಗೇಣಿದಾರರು ದುಡಿದು, ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ನಿಲ್ಲುವಂತೆ ಮಾಡಿದ್ದು. ಉಳುವವನೇ ಹೊಲದೊಡೆಯನೆಂಬ 1974ರ ಭೂಸುಧಾರಣೆಯ ನ್ಯಾಯದಂತೆ ಒಡೆತನ ಅವರಿಗೇ ಸಲ್ಲಬೇಕು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸುವ ಅವಧಿ 1979ರ ಜೂನಿನಲ್ಲಿಯೇ ಮುಗಿಯಿತೆಂದೂ, ಪಾಚಿಗಳ ಕಡೆಯಿಂದ ಯಾವ ಅರ್ಜಿಯೂ ಬಂದ ದಾಖಲೆಯಿಲ್ಲವೆಂದೂ ಪ್ರತಿವಾದಿಗಳು ಹೇಳಬಹುದು. ಆದರೆ ಅವರ ವಾರಸುದಾರರು ಹಸಿರು ಎಲೆಯೊಂದೊಂದರ ಜೀವಕೋಶದೊಳಗೂ ಹರಿತ್ಕಣಗಳಾಗಿ ನೆಲೆಸಿ, ಇಂದಿನವರೆಗೆ ಅವಿಚ್ಛಿನ್ನವಾಗಿ ಸ್ವಾಧೀನಾನುಭವದಲ್ಲಿರುವುದು ಕಣ್ಣಿಗೆ ಕಾಣುವ ಸಾಕ್ಷ್ಯ. ಹೀಗಾಗಿ, ಈ ನಿರ್ಣಯವನ್ನು ಬರೆಯುತ್ತಿರುವವನೂ ಓದುತ್ತಿರುವವರೂ ಸೇರಿ ಉಸಿರಾಡುವ ಸಮಸ್ತರೂ ಅವರ ಒಕ್ಕಲುಗಳೆಂದು ಹೇಳದೆ ವಿಧಿಯಿಲ್ಲ. ಗೇಣಿಯನ್ನು ಇಂಗಾಲಾಮ್ಲದ ರೂಪದಲ್ಲಿ, ನಿಮಿಷಕ್ಕೆ ಹದಿನೈದು ಕಂತಿನ ಮೇರೆಗೆ, ಮೂಗಿನ ಮೂಲಕ ತಪ್ಪದೆ ಪಾವತಿ ಮಾಡುತ್ತಿದ್ದೇವೆಂದು ನಮ್ಮ ಕೈಫಿಯತ್ತು. ರಸೀದಿಗಳನ್ನು ಮಾತ್ರ ಹಾಜರುಪಡಿಸಲಾಗಿಲ್ಲ.